‘ಬಗೆ’ಯನ್ನೂ ‘ಪಾತ್ರ’ವನ್ನೂ ಬೆರೆಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ಸರ್ಕಾರಿ ಇಲಾಖೆಗಳು, ಸಹಕಾರ ಸಂಘಗಳು, ಆಸ್ಪತ್ರೆಗಳು ಮತ್ತು ಶಾಲೆಗಳು ತಮ್ಮ ಕಡತಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಮ್ಮ ರಾಜ್ಯದಲ್ಲಿ ಎರಡು ದಶಕಗಳಿಂದಲೂ ನಡೆಯುತ್ತಿದೆ. ಸರ್ವರ್ ಕೈಕೊಟ್ಟಿತು, ಹೆಸರಿನ ಕಾಗುಣಿತ ತಪ್ಪಾಯಿತು, ತಿದ್ದುಪಡಿಗಾಗಿ ಅಲೆದಾಡಿಸಿದರು ಎಂಬ ದೂರುಗಳು ತಮ್ಮ ಅಂಕಣದಲ್ಲಿ ಆಗಾಗ ಬರುತ್ತವೆ, ಬರಬೇಕಾದದ್ದೇ. ಆದರೆ ಇವುಗಳಲ್ಲಿ ಒಂದು ಜಾತಿಯ ತಪ್ಪು ಯಂತ್ರದಲ್ಲಾಗಲಿ, ಕೀಲಿಮಣೆ ಒತ್ತಿದವರ ಕೈಯಲ್ಲಾಗಲಿ ಹುಟ್ಟಿದ್ದಲ್ಲ. ಒಂದಕ್ಷರವೂ ಕಂಪ್ಯೂಟರಿಗೆ ಏರುವ ಮೊದಲೇ, ದತ್ತಾಂಶದ ನಕ್ಷೆಯನ್ನು ಬರೆಯುವಾಗ, ಯಾವುದು ಯಾವುದರ ಬಗೆ ಎಂದು ತೀರ್ಮಾನಿಸುವಲ್ಲಿ ಅದು ಹುಟ್ಟುತ್ತದೆ. ಲೋಕದ ವಸ್ತುಗಳನ್ನು ವರ್ಗಗಳಾಗಿ ವಿಂಗಡಿಸಿ ತಂತ್ರಾಂಶ ಕಟ್ಟುವ ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿಯಲ್ಲಿ, ಒಂದು ವರ್ಗವನ್ನು ಇನ್ನೊಂದರ ಬಗೆ ಎಂದು ಬರೆಯುವ ಈ ತೀರ್ಮಾನಕ್ಕೆ ಇನ್‌ಹೆರಿಟೆನ್ಸ್ ಎಂದು ಹೆಸರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ವಿಷಯವನ್ನು ಕಾಲೇಜಿನಲ್ಲಿ ಕಲಿಸಿದ, ನಡುನಡುವೆ ಕೆಲವು ಸಂಸ್ಥೆಗಳಿಗೆ ದತ್ತಾಂಶ ವಿನ್ಯಾಸ ಮಾಡಿಕೊಟ್ಟ ಒಬ್ಬ ಅಧ್ಯಾಪಕನಾಗಿ, ಈ ಬಗ್ಗೆ ಸಾರ್ವಜನಿಕವಾಗಿ ಬರೆಯುವುದು ನನ್ನ ಕರ್ತವ್ಯ ಎಂದು ಭಾವಿಸಿದ್ದೇನೆ.

ಹಲವು ವರ್ಷಗಳ ಹಿಂದೆ ಒಂದು ಸಹಕಾರ ಸಂಘದ ಲೆಕ್ಕಪತ್ರಗಳಿಗೆ ವಿನ್ಯಾಸ ಸಿದ್ಧವಾಯಿತು. ‘ವ್ಯಕ್ತಿ’ ಎಂಬುದು ಮೂಲವರ್ಗ. ಅದರ ಕೆಳಗೆ ‘ಸದಸ್ಯ’, ‘ನೌಕರ’, ‘ಸರಬರಾಜುದಾರ’ ಎಂಬ ಮೂರು ಉಪವರ್ಗಗಳು, ಪ್ರತಿಯೊಂದರಿಂದ ಮೂಲವರ್ಗದತ್ತ ಒಂದು ಬಾಣ. ನಕ್ಷೆ ನೋಡಲು ಚೊಕ್ಕಟವಾಗಿತ್ತು, ಅದನ್ನು ಒಪ್ಪಿದವರಲ್ಲಿ ನಾನೂ ಒಬ್ಬ. ನಾವು ಬಳಸಿದ ಸಲಕರಣೆಯಲ್ಲಿ ಒಂದು ದಾಖಲೆ ಒಂದೇ ಉಪವರ್ಗಕ್ಕೆ ಸೇರಬಹುದಿತ್ತು. ಸಂಘದ ಗುಮಾಸ್ತರೊಬ್ಬರು ಸದಸ್ಯರೂ ಆಗಿದ್ದರು. ಹಾಗಾಗಿ ಅವರಿಗೆ ಎರಡು ದಾಖಲೆ, ಎರಡು ಸಂಖ್ಯೆ. ನಾಮಿನಿಯಾಗಿ ಪತ್ನಿಯ ಹೆಸರನ್ನು ಬರೆಸಿದ್ದು ನೌಕರರ ದಾಖಲೆಯಲ್ಲಿ. ನಿವೃತ್ತರಾದಾಗ ಆ ದಾಖಲೆ ಮುಕ್ತಾಯವಾಯಿತು. ಅವರು ತೀರಿಕೊಂಡ ಮೇಲೆ ಪತ್ನಿ ಷೇರು ಹಣ ಕೇಳಲು ಬಂದರೆ, ಸದಸ್ಯರ ದಾಖಲೆಯಲ್ಲಿ ನಾಮಿನಿಯ ಕಲಮು, ಅಂದರೆ ಆ ವಿವರ ಬರೆಯುವ ಜಾಗ, ಖಾಲಿ. ಅದೇ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವರ ಹೆಂಡತಿ, ತಾನು ಅವರ ಹೆಂಡತಿ ಎಂದು ಸಾಬೀತುಪಡಿಸಲು ತಿಂಗಳುಗಟ್ಟಲೆ ಓಡಾಡಿದರು. ಅಲ್ಲಿ ಯಾರೂ ಲಂಚ ಕೇಳಲಿಲ್ಲ, ಯಾರೂ ದುರುದ್ದೇಶದಿಂದ ನಡೆದುಕೊಳ್ಳಲಿಲ್ಲ. ನಾವು ಎಳೆದ ಮೂರು ಬಾಣಗಳು ಒಬ್ಬ ಮನುಷ್ಯನನ್ನು ಇಬ್ಬರನ್ನಾಗಿ ಮಾಡಿದ್ದವು, ಅಷ್ಟೇ. ಆ ತಾಯಿಯ ಮುಖ ನನಗೆ ಇಂದಿಗೂ ನೆನಪಿದೆ.

ಈ ಗೊಂದಲಕ್ಕೆ ಒಂದು ಇತಿಹಾಸವಿದೆ. ಇನ್‌ಹೆರಿಟೆನ್ಸ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಹೊಳೆಗಳು ಬಂದು ಸೇರಿವೆ. ಮೊದಲನೆಯದು ನಾರ್ವೆಯ ಓಸ್ಲೋದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ಅವರು ರೂಪಿಸಿದ ಸಿಮುಲಾ 67 ಎಂಬ ಪ್ರೋಗ್ರಾಮಿಂಗ್ ಭಾಷೆ. ಸೇತುವೆಯ ಸುಂಕದ ಕಟ್ಟೆಯಲ್ಲಿ ಸಾಲುಗಟ್ಟಿ ನಿಂತ ಲಾರಿ, ಬಸ್ಸುಗಳಂಥ ಸನ್ನಿವೇಶಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವಾಗ, ಎಲ್ಲ ವಾಹನಗಳಿಗೂ ಸಾಮಾನ್ಯವಾದದ್ದನ್ನು ಒಮ್ಮೆ ಮಾತ್ರ ಬರೆದು, ಲಾರಿಗೂ ಬಸ್ಸಿಗೂ ವಿಶೇಷವಾದದ್ದನ್ನು ಆಮೇಲೆ ಸೇರಿಸುವ ಅನುಕೂಲ ಅಲ್ಲಿ ಹುಟ್ಟಿತು. ಎರಡನೆಯದು ದತ್ತಸಂಚಯಗಳ (ಡೇಟಾಬೇಸ್) ಲೋಕದ್ದು. 1976ರಲ್ಲಿ ಪೀಟರ್ ಚೆನ್ ಅವರು, ದತ್ತಾಂಶವನ್ನು ವಸ್ತುಗಳಾಗಿಯೂ ಅವುಗಳ ನಡುವಿನ ಸಂಬಂಧಗಳಾಗಿಯೂ ವಿವರಿಸುವ ಎಂಟಿಟಿ–ರಿಲೇಷನ್‌ಶಿಪ್ ಮಾದರಿಯನ್ನು ಮಂಡಿಸಿದರು. ಮರುವರ್ಷವೇ ಜಾನ್ ಸ್ಮಿತ್ ಮತ್ತು ಡಯೇನ್ ಸ್ಮಿತ್ ದಂಪತಿ, ಹಲವು ವರ್ಗಗಳನ್ನು ಒಂದು ಸಾಮಾನ್ಯ ವರ್ಗದಡಿ ತರುವ ಕ್ರಮವನ್ನು ಸಾಮಾನ್ಯೀಕರಣ ಎಂದು ಹೆಸರಿಸಿ ವಿವರಿಸಿದರು. ಸ್ಮಿತ್ ದಂಪತಿಯ ಬಾಣ ಲೋಕದ ಬಗ್ಗೆ ಒಂದು ಹೇಳಿಕೆ. ಸಿಮುಲಾದ ಸಂತತಿಯಾಗಿ ಬಂದ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದೇ ಬಾಣ ಬಹುಮಟ್ಟಿಗೆ ಬರೆದದ್ದನ್ನೇ ಮತ್ತೆ ಬರೆಯದಿರಲು ಒಂದು ಉಪಾಯವಾಯಿತು. ಪ್ರೋಗ್ರಾಮಿನ ಒಳಗಿನ ವಸ್ತು ಕೆಲವು ನಿಮಿಷ ಬದುಕಿ ಅಳಿಯುತ್ತದೆ, ಅಲ್ಲಿ ಉಪಾಯ ಸಾಕು. ದಾಖಲೆಯೊಂದು ನಲವತ್ತು ವರ್ಷ ಬದುಕುತ್ತದೆ. ಅಲ್ಲಿ ಹೇಳಿಕೆ ಸುಳ್ಳಾದರೆ ನಲವತ್ತು ವರ್ಷವೂ ಸುಳ್ಳು.

ಕನ್ನಡದಲ್ಲಿ ಕಲಿಸುವಾಗ ಇನ್‌ಹೆರಿಟೆನ್ಸ್ ಪದಕ್ಕೆ ‘ಆನುವಂಶಿಕತೆ’ ಎಂದು ಹೇಳುವ ರೂಢಿಯಿದೆ, ನಾನೂ ಹಾಗೆಯೇ ಕಲಿಸಿದೆ. ಈಗ ಯೋಚಿಸಿದರೆ ಆ ಪದ ಹಾದಿ ತಪ್ಪಿಸುತ್ತದೆ. ತಂದೆಯ ಆಸ್ತಿ ಮಗನಿಗೆ ಬಂದಾಗ ಅಲ್ಲಿ ಇಬ್ಬರಿದ್ದಾರೆ. ‘ಎಮ್ಮೆ’ ಎಂಬ ಉಪವರ್ಗ ‘ಜಾನುವಾರು’ ಎಂಬ ಮೂಲವರ್ಗದಿಂದ ಏನನ್ನೋ ಪಡೆಯಿತು ಎಂದಾಗ ಕೊಟ್ಟಿಗೆಯಲ್ಲಿರುವುದು ಒಂದೇ ಪ್ರಾಣಿ. ಅದು ಏಕಕಾಲಕ್ಕೆ ಎಮ್ಮೆಯೂ ಹೌದು, ಜಾನುವಾರೂ ಹೌದು. ಆದ್ದರಿಂದ ಇದನ್ನು ‘ಬಗೆ’ಯ ಸಂಬಂಧ ಎಂದು ಕರೆಯುವುದೇ ಲೇಸು: ಎಮ್ಮೆ ಜಾನುವಾರಿನ ಒಂದು ಬಗೆ. ಇನ್ನೂ ಮುಖ್ಯವಾಗಿ, ಬಗೆಯನ್ನೂ, ಕೆಲಕಾಲ ವಹಿಸಿ ಬಿಡಬಹುದಾದ ಪಾತ್ರವನ್ನೂ ಬೇರ್ಪಡಿಸುವ ಒಂದು ಸುಲಭ ಒರೆಗಲ್ಲು ನಮ್ಮ ಭಾಷೆಯಲ್ಲೇ ಇದೆ, ಅದು ‘ಆಗು’ ಎಂಬ ಧಾತು. ಒಬ್ಬರು ಸದಸ್ಯರಾದರು, ಎರಡು ಅವಧಿ ಸದಸ್ಯರಾಗಿದ್ದರು, ಈಗ ಸದಸ್ಯರಾಗಿ ಉಳಿದಿಲ್ಲ ಎಂದು ನಾವು ಸಹಜವಾಗಿ ಹೇಳುತ್ತೇವೆ. ಎಮ್ಮೆ ಹೋದ ವರ್ಷ ಜಾನುವಾರಾಯಿತು ಎಂದು ಯಾರೂ ಹೇಳುವುದಿಲ್ಲ. ‘ಆಗು’ ಧಾತುವಿಗೆ ಕಾಲ ಸೇರಿಸಿ ಹೇಳಲು ಬಂದರೆ ಅದು ಪಾತ್ರ ಅಥವಾ ಹಂತ. ಅದನ್ನು ಉಪವರ್ಗವಾಗಿ ಬರೆಯಬಾರದು. ಕರು ಹಸುವಾಗುತ್ತದಲ್ಲ ಎಂದು ಒಬ್ಬ ವಿದ್ಯಾರ್ಥಿನಿ ನನ್ನನ್ನು ಕೇಳಿದ್ದಳು. ನಿಜ, ಅದಕ್ಕೇ ಕರುವನ್ನೂ ಹಸುವಿನ ಉಪವರ್ಗವಾಗಿ ಬರೆಯಬಾರದು. ಹುಟ್ಟಿದ ದಿನಾಂಕವನ್ನು ಬರೆದುಕೊಂಡರೆ ಸಾಕು.

ಇಲ್ಲಿ ವಿನ್ಯಾಸ ಮಾಡುವವರ ವಿವೇಕ ಎಷ್ಟು ಮುಖ್ಯವೋ, ಅವರ ಕೈಯಲ್ಲಿರುವ ಭಾಷೆ ಏನನ್ನು ಹೇಳಲು ಬಿಡುತ್ತದೆ ಎಂಬುದೂ ಅಷ್ಟೇ ಮುಖ್ಯ. ಎಂಜಿನಿಯರಿಂಗ್ ದತ್ತಾಂಶಕ್ಕೆಂದೇ ರೂಪುಗೊಂಡ ಎಕ್ಸ್‌ಪ್ರೆಸ್ ಎಂಬ ಭಾಷೆಯನ್ನು ನೋಡಬೇಕು. ಇದು 1994ರಲ್ಲಿ ಐಎಸ್‌ಒ 10303 ಎಂಬ, ‘ಸ್ಟೆಪ್’ ಎಂದೇ ಕರೆಯುವ ಅಂತರರಾಷ್ಟ್ರೀಯ ಮಾನದಂಡದ 11ನೆಯ ಭಾಗವಾಗಿ ಪ್ರಕಟವಾಯಿತು. ಪೀಣ್ಯದ ಯಂತ್ರಾಗಾರವೊಂದಕ್ಕೆ ಗಿರಾಕಿಯಿಂದ ಬಿಡಿಭಾಗದ ವಿನ್ಯಾಸ ‘ಸ್ಟೆಪ್’ ಕಡತವಾಗಿ ಬಂದಾಗ, ಆ ಕಡತದ ಒಳಗಿನ ಪ್ರತಿಯೊಂದು ಸಾಲಿನ ಅರ್ಥವೂ ಈ ಭಾಷೆಯಲ್ಲಿ ಬರೆದ ನಿರೂಪಣೆಯಿಂದ ಬಂದಿರುತ್ತದೆ. ಎಕ್ಸ್‌ಪ್ರೆಸ್ ರೂಪಿಸಿದವರು ನಾನು ಹೇಳುತ್ತಿರುವ ಪ್ರಶ್ನೆಯನ್ನು ಮುಖಾಮುಖಿಯಾಗಿ ಎದುರಿಸಿದರು. ಉಪವರ್ಗಗಳಲ್ಲಿ ಒಂದಕ್ಕೆ ಮಾತ್ರ ಸೇರಬಹುದು ಎನ್ನಲು ‘ಒನ್‌ಆಫ್’, ಒಂದಕ್ಕೋ ಹಲವಕ್ಕೋ ಸೇರಬಹುದು ಎನ್ನಲು ‘ಆ್ಯಂಡ್‌ಆರ್’, ಈ ಗುಂಪಿನಿಂದಲೂ ಆ ಗುಂಪಿನಿಂದಲೂ ಒಟ್ಟಿಗೇ ಸೇರಬೇಕು ಎನ್ನಲು ‘ಆ್ಯಂಡ್’ ಎಂಬ ಮೂರು ಪದಗಳನ್ನು ಕೊಟ್ಟರು. ಬರೆಯುವವರು ಏನನ್ನೂ ಹೇಳದಿದ್ದರೆ ‘ಆ್ಯಂಡ್‌ಆರ್’ ಎಂದೇ ಅರ್ಥ. ಅಂದರೆ, ಬೇರೆ ಮಾತು ಬರೆಯದ ಹೊರತು ಒಬ್ಬ ವ್ಯಕ್ತಿ ನೌಕರನೂ ಸದಸ್ಯನೂ ಆಗಿರಬಲ್ಲ. ಇದು ಮನುಷ್ಯರ ಬದುಕನ್ನು ಬಲ್ಲವರು ಮಾಡಿದ ಆಯ್ಕೆ ಎಂದು ನನಗೆ ಅನ್ನಿಸುತ್ತದೆ.

ಈ ಆಯ್ಕೆಗೆ ಬೆಲೆಯೂ ಇದೆ. ಸ್ಟೆಪ್ ಕಡತದಲ್ಲಿ ಮಿಲಿಮೀಟರ್ ಎಂಬ ಅಳತೆಯ ಘಟಕವನ್ನು ಹೇಳುವಾಗ ಒಂದೇ ದಾಖಲೆಯ ಆವರಣದೊಳಗೆ ‘ಲೆಂತ್ ಯೂನಿಟ್’, ‘ನೇಮ್ಡ್ ಯೂನಿಟ್’, ‘ಎಸ್‌ಐ ಯೂನಿಟ್’ ಎಂಬ ಮೂರು ವರ್ಗಗಳ ತುಣುಕುಗಳು ಅಕ್ಕಪಕ್ಕ ಕುಳಿತಿರುತ್ತವೆ. ಉದ್ದದ ಘಟಕವೂ ಆಗಿರುವ, ಅಂತರರಾಷ್ಟ್ರೀಯ ಪದ್ಧತಿಯ ಘಟಕವೂ ಆಗಿರುವ ವಸ್ತುವಿಗೆ ಪ್ರತ್ಯೇಕ ಹೆಸರಿನ ವರ್ಗವೇ ಇಲ್ಲ. ಎರಡೂ ಗುಣ ಬೇಕಾದಾಗ ಎರಡನ್ನೂ ಜೋಡಿಸಿಕೊಳ್ಳುತ್ತಾರೆ. ಅರ್ಥದ ದೃಷ್ಟಿಯಿಂದ ಇದು ತುಂಬ ಸೊಗಸಾದ ಏರ್ಪಾಡು. ಆದರೆ ಸಿ++ ಅಥವಾ ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದನ್ನು ಓದಿಕೊಳ್ಳುವ ತಂತ್ರಾಂಶ ಬರೆಯುವವರಿಗೆ ಕಷ್ಟವಾಗುತ್ತದೆ, ಏಕೆಂದರೆ ಆ ಭಾಷೆಗಳಲ್ಲಿ ಪ್ರತಿ ವಸ್ತುವಿಗೂ ಹುಟ್ಟುವಾಗಲೇ ನಿಗದಿಯಾದ ಒಂದೇ ಕ್ಲಾಸ್ (ವರ್ಗ) ಇರಬೇಕು, ಅದು ಕಡೆಯವರೆಗೂ ಬದಲಾಗುವಂತಿಲ್ಲ. ಕಟ್ಟಡಗಳ ದತ್ತಾಂಶಕ್ಕಾಗಿ ಬಂದ ಐಎಫ್‌ಸಿ ಮಾದರಿಯೂ ಇದೇ ಎಕ್ಸ್‌ಪ್ರೆಸ್ ಭಾಷೆಯನ್ನೇ ಬಳಸುತ್ತದೆ. ಆದರೆ ಅದನ್ನು ರೂಪಿಸಿದವರು ಬೇಕೆಂದೇ ಕೈಗಳನ್ನು ಕಟ್ಟಿಕೊಂಡರು: ಪ್ರತಿ ವರ್ಗಕ್ಕೂ ಒಂದೇ ಮೂಲವರ್ಗ, ಉಪವರ್ಗಗಳಲ್ಲಿ ಒಂದಕ್ಕೆ ಮಾತ್ರ ಪ್ರವೇಶ. ಅಲ್ಲಿ ಮಿಲಿಮೀಟರ್ ಎಂಬುದು ‘ಎಸ್‌ಐ ಯೂನಿಟ್’ ಎಂಬ ಒಂದೇ ವರ್ಗದ ದಾಖಲೆ. ಅದು ಉದ್ದದ್ದೋ ತೂಕದ್ದೋ ಎಂಬುದು ಆ ದಾಖಲೆಯ ಒಂದು ಕಲಮಿನಲ್ಲಿ ಬರೆದ ಬೆಲೆ. ಒಂದೇ ಭಾಷೆ, ಒಂದೇ ವಿಷಯ. ಒಬ್ಬರು ಅದನ್ನು ವರ್ಗಗಳ ಜೋಡಣೆಯಾಗಿ ಹೇಳಿದರು, ಇನ್ನೊಬ್ಬರು ಕಲಮಿನೊಳಗಿನ ಬೆಲೆಯಾಗಿ ಹೇಳಿದರು. ಎರಡೂ ಯೋಚಿಸಿ ಮಾಡಿದ ಆಯ್ಕೆಗಳು. ನನ್ನ ತಕರಾರು ಯೋಚಿಸದೆ ಮಾಡುವ ಆಯ್ಕೆಯ ಬಗ್ಗೆ.

ಯೋಚಿಸದೆ ಬಿಟ್ಟದ್ದು ಎಂಥ ಅಪಾಯ ತರಬಲ್ಲದು ಎಂಬುದಕ್ಕೆ ನಮ್ಮ ಕಾಲೇಜುಗಳಲ್ಲೆಲ್ಲ ಕಲಿಸುವ, ತಂತ್ರಾಂಶದ ವಿನ್ಯಾಸವನ್ನು ಚಿತ್ರವಾಗಿ ಬರೆಯುವ ಯುಎಂಎಲ್ ನಕ್ಷೆಗಳೇ ಸಾಕ್ಷಿ. ಒಂದು ಮೂಲವರ್ಗ, ಅದರತ್ತ ಕೆಳಗಿನಿಂದ ಏರುವ ಎರಡು ಟೊಳ್ಳು ತ್ರಿಕೋನದ ಬಾಣಗಳು. ಪಕ್ಕದಲ್ಲಿ ಬೇರೇನೂ ಬರೆದಿಲ್ಲ. ಯುಎಂಎಲ್‌ನ 2.4.1 ಆವೃತ್ತಿಯವರೆಗೆ ಈ ಮೌನದ ಅರ್ಥ, ಉಪವರ್ಗಗಳು ಪರಸ್ಪರ ಬೇರೆಬೇರೆ, ಒಂದರಲ್ಲಿರುವುದು ಇನ್ನೊಂದರಲ್ಲಿ ಇರಲಾರದು ಎಂದು. 2015ರಲ್ಲಿ ಬಂದ 2.5ನೆಯ ಆವೃತ್ತಿಯಲ್ಲಿ ಅದೇ ಮೌನಕ್ಕೆ ವಿರುದ್ಧವಾದ ಅರ್ಥ ಬಂತು: ಉಪವರ್ಗಗಳು ಒಂದರ ಮೇಲೊಂದು ಹರಡಿಕೊಂಡಿರಬಹುದು. ಚಿತ್ರದ ಒಂದು ಗೆರೆಯೂ ಬದಲಾಗಲಿಲ್ಲ. ಹಳೆಯ ನಿಯಮ ಕಲಿತ ಹಿರಿಯರು ಬರೆದ ನಕ್ಷೆಯನ್ನು ಹೊಸ ನಿಯಮ ಕಲಿತ ಕಿರಿಯರು ಓದಿದರೆ, ಸಹಕಾರ ಸಂಘದ ಗುಮಾಸ್ತರು ಒಬ್ಬರಿಗೆ ಇಬ್ಬರಾಗಿ ಕಾಣುತ್ತಾರೆ, ಇನ್ನೊಬ್ಬರಿಗೆ ಒಬ್ಬರಾಗಿ ಕಾಣುತ್ತಾರೆ. ಪಕ್ಕದಲ್ಲಿ ಪುಷ್ಪಾವರಣದೊಳಗೆ ‘ಬೇರೆಬೇರೆ’ ಅಥವಾ ‘ಕೂಡಿರಬಹುದು’, ಉಪವರ್ಗಗಳ ಪಟ್ಟಿ ‘ಸಂಪೂರ್ಣ’ ಅಥವಾ ‘ಅಪೂರ್ಣ’ ಎಂದು ಎರಡು ಪದ ಬರೆಯಲು ಯುಎಂಎಲ್ ಮೊದಲಿನಿಂದಲೂ ಜಾಗ ಕೊಟ್ಟಿದೆ. ನಾನು ನೋಡಿದ ನೂರಾರು ವಿದ್ಯಾರ್ಥಿ ಯೋಜನೆಗಳಲ್ಲಿ ಆ ಜಾಗ ತುಂಬಿದ್ದು ಬೆರಳೆಣಿಕೆಯಷ್ಟು ಸಲ.

ನಕ್ಷೆಯಿಂದ, ದತ್ತಾಂಶ ನಿಜವಾಗಿ ಕೂರುವ ಸಾಲು–ಕಲಮುಗಳ ಟೇಬಲ್‌ಗಳಿಗೆ ಇಳಿಯುವಾಗ ಇನ್ನಷ್ಟು ಅರ್ಥ ಸೋರಿಹೋಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ದತ್ತಸಂಚಯ ತಂತ್ರಾಂಶದಲ್ಲಿ ಒಂದು ಟೇಬಲ್ ಇನ್ನೊಂದರಿಂದ ಕಲಮುಗಳನ್ನು ಪಡೆಯುವ ಸೌಲಭ್ಯ ಬಹಳ ಹಿಂದಿನಿಂದಲೂ ಇದೆ. ಅದರ ಕೈಪಿಡಿಯಲ್ಲಿ ‘ನಗರಗಳು’ ಎಂಬ ಟೇಬಲ್‌ನಿಂದ ‘ರಾಜಧಾನಿಗಳು’ ಎಂಬ ಟೇಬಲ್ ಹುಟ್ಟುವ ಉದಾಹರಣೆ ಕೊಟ್ಟಿದ್ದಾರೆ. ನಗರಗಳನ್ನು ಹುಡುಕಿದರೆ ರಾಜಧಾನಿಗಳೂ ಸಿಗುತ್ತವೆ, ಅಷ್ಟು ಸರಿ. ಆದರೆ ನಗರದ ಹೆಸರು ಎರಡು ಸಲ ಬರಬಾರದು ಎಂದು ಮೂಲ ಟೇಬಲ್‌ಗೆ ವಿಧಿಸಿದ ನಿಯಮ ಮಕ್ಕಳ ಟೇಬಲ್‌ಗೆ ಅನ್ವಯಿಸುವುದಿಲ್ಲ. ಅದೇ ಹೆಸರಿನ ಸಾಲು ರಾಜಧಾನಿಗಳಲ್ಲಿ ಮತ್ತೊಮ್ಮೆ ಬಂದು ಕುಳಿತರೆ ತಡೆಯುವವರಿಲ್ಲ. ಬೇರೆ ಟೇಬಲ್‌ಗಳಿಂದ ಬರುವ ಕೊಂಡಿಗಳ ಪಾಡೂ ಅದೇ. ಪೋಸ್ಟ್‌ಗ್ರೆಸ್‌ಕ್ಯುಎಲ್ ಇದನ್ನು ಮುಚ್ಚಿಟ್ಟಿಲ್ಲ, ಗಂಭೀರ ಮಿತಿ ಎಂದು ಕೈಪಿಡಿಯಲ್ಲೇ ಒಪ್ಪಿಕೊಂಡಿದೆ. ಜಾವಾ ಪ್ರೋಗ್ರಾಮಿನ ವಸ್ತುಗಳನ್ನು ಟೇಬಲ್‌ಗಳಲ್ಲಿ ಉಳಿಸುವ ಜೆಪಿಎ ಪದ್ಧತಿ ಬೇರೆ ದಾರಿ ಹಿಡಿಯುತ್ತದೆ. ಏನನ್ನೂ ಸೂಚಿಸದಿದ್ದರೆ ಅದು ಎಲ್ಲ ಉಪವರ್ಗಗಳನ್ನೂ ಒಂದೇ ಟೇಬಲ್‌ನಲ್ಲಿ ಸುರಿಯುತ್ತದೆ. ಆಗ ಒಂದು ಉಪವರ್ಗಕ್ಕಷ್ಟೇ ಸಂಬಂಧಿಸಿದ ಕಲಮನ್ನು ಖಾಲಿ ಬಿಡಲು ಅವಕಾಶ ಕೊಡಲೇಬೇಕಾಗುತ್ತದೆ. ನೌಕರನಿಗೆ ಸಂಬಳದ ಶ್ರೇಣಿ ಕಡ್ಡಾಯ ಎಂಬ ಸರಳ ನಿಯಮವನ್ನೂ ಕಲಮಿನ ಮಟ್ಟದಲ್ಲಿ ಹೇಳಲಾಗುವುದಿಲ್ಲ. ಬಾಣ ಎಳೆದವರಿಗೆ ಈ ಪರಿಣಾಮ ಗೊತ್ತಿರುವುದಿಲ್ಲ, ಟೇಬಲ್ ಕಟ್ಟುವವರಿಗೆ ಬಾಣದ ಉದ್ದೇಶ ಗೊತ್ತಿರುವುದಿಲ್ಲ.

ಹಲವು ಮೂಲವರ್ಗಗಳಿಂದ ಪಡೆಯಬಹುದೇ ಎಂಬ ಪ್ರಶ್ನೆಗೆ ಪಠ್ಯಗಳು ತುಂಬ ಪುಟ ಕೊಡುತ್ತವೆ. ಸಿ++ 1989ರಿಂದ ಅದಕ್ಕೆ ಅವಕಾಶ ಕೊಟ್ಟಿದೆ, ಜಾವಾ ಕ್ಲಾಸ್‌ಗಳ ಮಟ್ಟದಲ್ಲಿ ನಿರಾಕರಿಸಿತು. ವಜ್ರಾಕೃತಿಯ ಸಮಸ್ಯೆ, ಅಂದರೆ ಒಂದೇ ಅಜ್ಜನಿಂದ ಎರಡು ದಾರಿಯಲ್ಲಿ ಬಂದ ಗುಣಗಳಲ್ಲಿ ಯಾವುದನ್ನು ಹಿಡಿಯಬೇಕು ಎಂಬ ತೊಡಕು, ಪ್ರೋಗ್ರಾಮಿನ ನಡವಳಿಕೆಯ ವಿಷಯದಲ್ಲಿ ದೊಡ್ಡದೇ. ಬರಿಯ ದತ್ತಾಂಶದಲ್ಲಿ ಅದು ಅಷ್ಟು ಕಠಿಣವಲ್ಲ. ಒಂದೇ ಹೆಸರಿನ ಕಲಮು ಒಂದೇ ಮೂಲದಿಂದ ಬಂದಿದ್ದರೆ ಅದು ಒಂದೇ ಕಲಮು ಎಂದು ತೀರ್ಮಾನಿಸಬಹುದು. ನೆಟ್‌ವರ್ಕ್ ಉಪಕರಣಗಳ ವ್ಯವಸ್ಥೆಯನ್ನು ವಿವರಿಸುವ ಯಾಂಗ್ ಎಂಬ ಭಾಷೆ ಇಲ್ಲಿ ಪಾಠ ಹೇಳುವಂತಿದೆ. ದತ್ತಾಂಶದ ರಚನೆಗೆ ಅದು ಇನ್‌ಹೆರಿಟೆನ್ಸ್ ಅನ್ನು ಕೊಡುವುದೇ ಇಲ್ಲ. ಕಲಮುಗಳ ಒಂದು ಗೊಂಚಲಿಗೆ ಹೆಸರಿಟ್ಟು ಬೇಕಾದಲ್ಲಿ ಸೇರಿಸಿಕೊಳ್ಳಿ ಎನ್ನುತ್ತದೆ. ಬಗೆಗಳ ಹೆಸರುಗಳಿಗೆ ಮಾತ್ರ ಮೇಲು–ಕೆಳಗಿನ ಸಂಬಂಧ ಉಂಟು. 2016ರ ಆವೃತ್ತಿಯಿಂದ ಒಂದು ಹೆಸರಿಗೆ ಒಂದಕ್ಕಿಂತ ಹೆಚ್ಚು ಮೂಲಗಳೂ ಇರಬಹುದು. ಬರವಣಿಗೆ ಉಳಿಸುವ ಉಪಾಯಕ್ಕೆ ಒಂದು ಪದ, ಲೋಕದ ಬಗ್ಗೆ ಹೇಳುವ ಹೇಳಿಕೆಗೆ ಇನ್ನೊಂದು ಪದ. ಎರಡು ಹೊಳೆಗಳನ್ನು ಮತ್ತೆ ಬೇರ್ಪಡಿಸಿದ ಈ ನಡೆ ನನಗೆ ಅತ್ಯಂತ ಮೆಚ್ಚುಗೆಯಾದದ್ದು.

ತರಗತಿಯಲ್ಲಿ ಪ್ರತಿವರ್ಷ ಏಳುವ ಚೌಕ–ಆಯತದ ಚರ್ಚೆಯನ್ನೂ ಇಲ್ಲಿ ಹೇಳಲೇಬೇಕು. ಮೂಲವರ್ಗದ ವಸ್ತುವಿನ ಜಾಗದಲ್ಲಿ ಉಪವರ್ಗದ ವಸ್ತುವನ್ನು ಇಟ್ಟರೂ ಪ್ರೋಗ್ರಾಮಿನ ನಿರೀಕ್ಷೆ ಕೆಡಬಾರದು ಎಂಬ ತತ್ತ್ವವನ್ನು ಗಣಕವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರ ಭಾಷಣದಲ್ಲಿ ಮುಂದಿಟ್ಟರು. 1994ರಲ್ಲಿ ಜೆನೆಟ್ ವಿಂಗ್ ಅವರೊಡನೆ ಅದನ್ನು ಇನ್ನಷ್ಟು ಖಚಿತಗೊಳಿಸಿದರು. ಅದರ ಪ್ರಕಾರ, ಉದ್ದವನ್ನು ಮಾತ್ರ ಬದಲಿಸಬಲ್ಲ ಆಯತದ ಜಾಗದಲ್ಲಿ ಚೌಕವನ್ನು ಇಟ್ಟರೆ ನಿರೀಕ್ಷೆ ಕೆಡುತ್ತದೆ, ಏಕೆಂದರೆ ಉದ್ದ ಬದಲಾದೊಡನೆ ಅಗಲವೂ ಬದಲಾಗಬೇಕು. ಆದರೆ ಅಳೆದು ಬರೆದಿಟ್ಟ ದಾಖಲೆಯಾಗಿ ನೋಡಿದರೆ ಪ್ರತಿ ಚೌಕವೂ ಆಯತವೇ, ಸಂದೇಹವಿಲ್ಲ. ತೊಡಕು ಇರುವುದು ಬದಲಾವಣೆಯಲ್ಲಿ. ಉಪವರ್ಗ ಮಾಡುವ ಕೆಲಸ ಎರಡು ಬಗೆಯದು: ಹೊಸ ಕಲಮು ಸೇರಿಸುವುದು ಒಂದು, ಇರುವ ಕಲಮಿನ ಬೆಲೆಯನ್ನು ಬಿಗಿಗೊಳಿಸುವುದು ಇನ್ನೊಂದು. ಎಕ್ಸ್‌ಎಂಎಲ್ ಎಂಬ ಪಠ್ಯರೂಪದ ಕಡತಗಳ ರಚನೆಯನ್ನು ವಿವರಿಸುವ 2001ರ ಎಕ್ಸ್‌ಎಂಎಲ್ ಸ್ಕೀಮಾ ಇವೆರಡನ್ನೂ ವಿಸ್ತರಣೆ ಮತ್ತು ನಿರ್ಬಂಧ ಎಂಬ ಎರಡು ಬೇರೆ ಹೆಸರುಗಳಿಂದ ಕರೆದು, ಯಾವುದನ್ನು ಮಾಡುತ್ತಿದ್ದೀರಿ ಎಂದು ಬರೆಯುವವರಿಂದಲೇ ಹೇಳಿಸುತ್ತದೆ. ಎಕ್ಸ್‌ಎಂಎಲ್ ಈಗ ಹಳತಾಯಿತು ಎನ್ನುವವರು ಇದ್ದಾರೆ. ಈ ವಿವೇಚನೆ ಹಳತಾಗಿಲ್ಲ.

ನಾನು ಇನ್‌ಹೆರಿಟೆನ್ಸ್‌ನ ವಿರೋಧಿಯಲ್ಲ. ಕಟ್ಟಡದಲ್ಲಿ ಗೋಡೆ, ಕಂಬ, ತೊಲೆ, ಬಾಗಿಲುಗಳು ಬೇರೆಬೇರೆ ಬಗೆಗಳೇ. ಗೋಡೆ ನಾಳೆ ಬಾಗಿಲಾಗುವುದಿಲ್ಲ. ಅಲ್ಲಿ ಐಎಫ್‌ಸಿಯ ಕಟ್ಟುನಿಟ್ಟಾದ ವಂಶವೃಕ್ಷ ಸರಿಯಾಗಿ ಹೊಂದುತ್ತದೆ, ಮತ್ತು ಒಂದೇ ಮೂಲದಿಂದ ಬಂದ ಗುರುತಿನ ಸಂಖ್ಯೆ ಎಲ್ಲಕ್ಕೂ ಇರುವುದರಿಂದ ಬೇರೆಬೇರೆ ತಂತ್ರಾಂಶಗಳ ನಡುವೆ ಕಟ್ಟಡದ ಮಾಹಿತಿ ಸಾಗುವಾಗಲೂ ಯಾವ ಭಾಗ ಯಾವುದು ಎಂದು ಗುರುತಿಸಬಹುದು. ಮನುಷ್ಯರ ವಿಷಯ ಬೇರೆ. ಮನುಷ್ಯರು ವಿದ್ಯಾರ್ಥಿಗಳಾಗುತ್ತಾರೆ, ಅದೇ ಕಾಲೇಜಿನಲ್ಲಿ ಅಧ್ಯಾಪಕರಾಗುತ್ತಾರೆ, ರೋಗಿಗಳಾಗುತ್ತಾರೆ, ಸಾಲಗಾರರಾಗುತ್ತಾರೆ, ಜಾಮೀನುದಾರರಾಗುತ್ತಾರೆ. ಒಂದೇ ದಿನ ಇವೆಲ್ಲವೂ ಆಗಿರಬಲ್ಲರು. ಇವುಗಳನ್ನು ವ್ಯಕ್ತಿಯ ಉಪವರ್ಗಗಳಾಗಿ ಬರೆಯದೆ, ವ್ಯಕ್ತಿಗೆ ಜೋಡಿಸಿದ ಪಾತ್ರಗಳಾಗಿ, ಪ್ರತಿ ಪಾತ್ರಕ್ಕೂ ಆರಂಭದ ಮತ್ತು ಮುಕ್ತಾಯದ ದಿನಾಂಕಗಳೊಡನೆ ಬೇರೆ ದಾಖಲೆಯಾಗಿ ಬರೆಯಬೇಕು. ಇದರಿಂದ ಟೇಬಲ್‌ಗಳ ಸಂಖ್ಯೆ ಹೆಚ್ಚುತ್ತದೆ, ಮಾಹಿತಿ ತೆಗೆಯುವ ಪ್ರಶ್ನೆಗಳು ಉದ್ದವಾಗುತ್ತವೆ ಎಂಬ ಆಕ್ಷೇಪ ನಿಜ. ಆ ಹೆಚ್ಚಿನ ಶ್ರಮವನ್ನು ವಿನ್ಯಾಸ ಮಾಡುವವರು ಒಮ್ಮೆ ಪಡುತ್ತಾರೆ. ಅವರು ಆ ಶ್ರಮವನ್ನು ತಪ್ಪಿಸಿಕೊಂಡರೆ ಕಚೇರಿಯ ಕಿಟಕಿಯ ಮುಂದೆ ನಿಂತವರು ಮತ್ತೆ ಮತ್ತೆ ಪಡುತ್ತಾರೆ.

ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ವಿನಂತಿ ಇಷ್ಟು. ಇನ್‌ಹೆರಿಟೆನ್ಸ್‌ನ ವಿಧಗಳನ್ನು ಹೆಸರಿಸಿ, ಚಿತ್ರ ಬರೆಯಿರಿ ಎಂಬ ಪ್ರಶ್ನೆಯನ್ನು ನಾನೂ ಪ್ರತಿವರ್ಷ ಕೇಳಿದ್ದೇನೆ, ಮಕ್ಕಳು ಬಾಯಿಪಾಠ ಮಾಡಿ ಬರೆದು ಪೂರ್ಣ ಅಂಕ ಪಡೆದಿದ್ದಾರೆ. ಅದರ ಬದಲು ಒಂದು ಗ್ರಾಮ ಪಂಚಾಯಿತಿಯ ಅಥವಾ ಒಂದು ಹಾಲು ಉತ್ಪಾದಕರ ಸಂಘದ ವಿವರಣೆಯನ್ನು ಅರ್ಧ ಪುಟದಲ್ಲಿ ಕೊಟ್ಟು, ಇದರಲ್ಲಿ ಯಾವುದು ಬಗೆ, ಯಾವುದು ಪಾತ್ರ, ಏಕೆ ಎಂದು ಕೇಳಬಹುದು. ತಂತ್ರಾಂಶಕ್ಕೆ ಟೆಂಡರ್ ಕರೆಯುವ ಸಂಸ್ಥೆಗಳು ದತ್ತಾಂಶದ ನಕ್ಷೆಯನ್ನು ಒಪ್ಪುವ ಮುನ್ನ, ಪ್ರತಿ ಬಾಣದ ಪಕ್ಕದಲ್ಲೂ ಉಪವರ್ಗಗಳು ಬೇರೆಬೇರೆಯೋ ಕೂಡಿರಬಹುದೋ, ಪಟ್ಟಿ ಪೂರ್ಣವೋ ಅಪೂರ್ಣವೋ ಎಂದು ಬರೆಸಿಕೊಳ್ಳಲಿ. ಆ ನಕ್ಷೆಯನ್ನು ಕಂಪ್ಯೂಟರ್ ಬಲ್ಲವರಷ್ಟೇ ನೋಡಿದರೆ ಸಾಲದು. ಕಡತ ನಿರ್ವಹಿಸುವ ಗುಮಾಸ್ತರ ಮುಂದೆ ಹಾಸಿ, ಈ ಎರಡೂ ಆಗಿರುವವರು ನಿಮ್ಮಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಲಿ. ಆ ಸಹಕಾರ ಸಂಘದಲ್ಲಿ ನಾವು ಹಾಗೆ ಕೇಳಿದ್ದರೆ, ಉತ್ತರ ಕೊಡಬಲ್ಲವರು ಪಕ್ಕದ ಮೇಜಿನಲ್ಲೇ ಕುಳಿತಿದ್ದರು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಕವಿಜ್ಞಾನ ಅಧ್ಯಾಪಕ,
ಮೈಸೂರು